ಅಂಬೆಯನ್ನು ಬರಿಯ ಸೇಡಿನ ಹೆಣ್ಣಾಗಿಸಬೇಡಿ

ಮಾನ್ಯ ಸಂಪಾದಕರೇ,

ಮಹಾಭಾರತದ ಸ್ತ್ರೀಪಾತ್ರಗಳನ್ನು ಕುರಿತು ತಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕುಂತಿ, ಗಾಂಧಾರಿ, ದ್ರೌಪದಿಯರಿಗೆ ಧಾರಾಳವಾಗಿ ಜಾಗ ಕೊಟ್ಟಿರುವ ಲೇಖಕರು ಅಂಬೆಯ ಸರದಿ ಬಂದಾಗ ಮಾತ್ರ ಒಂದೇ ವಾಕ್ಯದಲ್ಲಿ ಕೈತೊಳೆದುಕೊಂಡಿದ್ದಾರೆ. ಪ್ರೇಮ ಮುರಿದು ಕಹಿಯಾದ ಮನಸ್ಸಿನಿಂದ ಭೀಷ್ಮನ ಮೇಲೆ ಹಗೆ ಸಾಧಿಸಿ, ಅದಕ್ಕಾಗಿ ಇನ್ನೊಂದು ಜನ್ಮವನ್ನೂ ಎತ್ತಿದ ಹಠಮಾರಿ ಹೆಣ್ಣು ಎಂಬುದು ಆ ವಾಕ್ಯದ ಸಾರಾಂಶ. ಇದು ಅವರೊಬ್ಬರ ಅಭಿಪ್ರಾಯವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಕ್ಕಳ ಕಥೆಪುಸ್ತಕಗಳಲ್ಲಿ, ಧಾರಾವಾಹಿಗಳಲ್ಲಿ, ಭಾಷಣಗಳಲ್ಲಿ ಅಂಬೆ ಎಂದರೆ ಬೆಂಕಿ, ಶಪಥ ಮತ್ತು ಸೇಡು ಎಂಬಷ್ಟಕ್ಕೇ ಆಕೆಯ ಕಥೆ ಕುಗ್ಗಿಹೋಗಿದೆ. ವ್ಯಾಸಭಾರತದ ಉದ್ಯೋಗಪರ್ವದ ಕೊನೆಯ ಭಾಗವಾದ ಅಂಬೋಪಾಖ್ಯಾನವನ್ನು ತೆರೆದು ನೋಡಿದವರಿಗೆ ಅಲ್ಲಿ ಕಾಣುವ ಅಂಬೆಯೇ ಬೇರೆ. ಆಕೆ ಕಹಿಯಾದದ್ದು ನಿಜ, ಆ ಕಹಿ ಆಕೆಯನ್ನು ತಿಂದುಹಾಕಿದ್ದೂ ನಿಜ. ಆದರೆ ಆ ಕಹಿ ಎಲ್ಲಿ ಹುಟ್ಟಿತು, ಯಾರು ಯಾರ ಕೈಯಿಂದ ಅದಕ್ಕೆ ನೀರು ಬಿತ್ತು ಎಂಬುದನ್ನು ಕವಿ ಒಂದು ಹೆಜ್ಜೆಯನ್ನೂ ಬಿಡದೆ ತೋರಿಸಿದ್ದಾನೆ. ನಾವು ಅಷ್ಟನ್ನೂ ಬಿಟ್ಟು ಕೊನೆಯ ಬೆಂಕಿಯನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಕಥೆಯ ಮೊದಲ ಭಾಗ ಎಲ್ಲರಿಗೂ ಗೊತ್ತಿರುವಂಥದು. ಕಾಶೀರಾಜ ತನ್ನ ಮೂವರು ಹೆಣ್ಣುಮಕ್ಕಳಿಗೆ ಸ್ವಯಂವರ ಏರ್ಪಡಿಸುತ್ತಾನೆ. ಭೀಷ್ಮ ತನ್ನ ತಮ್ಮ ವಿಚಿತ್ರವೀರ್ಯನಿಗಾಗಿ ಮೂವರನ್ನೂ ರಥಕ್ಕೇರಿಸಿ, ನೆರೆದ ರಾಜರನ್ನು ಸೋಲಿಸಿ, ಹಸ್ತಿನಾವತಿಗೆ ತರುತ್ತಾನೆ. ಮದುವೆಯ ಸಿದ್ಧತೆ ನಡೆದಿರುವಾಗ ಹಿರಿಯವಳಾದ ಅಂಬೆ ಭೀಷ್ಮನ ಮುಂದೆ ಬಂದು ನಿಲ್ಲುತ್ತಾಳೆ. ಆಕೆ ಅಲ್ಲಿ ಆಡುವ ಮಾತು ಅಳುವಿನದಲ್ಲ, ನ್ಯಾಯ ಕೇಳುವವಳದು. ತಾನು ಮನಸ್ಸಿನಲ್ಲಿ ಸಾಲ್ವನನ್ನು ವರಿಸಿದ್ದೇನೆ, ಅವನೂ ತಂದೆಗೆ ತಿಳಿಯದಂತೆ ತನ್ನನ್ನು ವರಿಸಿದ್ದಾನೆ, ಧರ್ಮವನ್ನು ಬಲ್ಲ ನೀನು ಬೇರೊಬ್ಬನಲ್ಲಿ ಮನಸ್ಸಿಟ್ಟವಳನ್ನು ಈ ಮನೆಯಲ್ಲಿ ಹೇಗೆ ಇರಿಸಿಕೊಳ್ಳುತ್ತೀಯೆ ಎಂದು ಕೇಳುತ್ತಾಳೆ. ಸಾಲ್ವ ನನಗಾಗಿ ಕಾಯುತ್ತಿದ್ದಾನೆ ಎಂದೂ ಹೇಳುತ್ತಾಳೆ. ಇಡೀ ಉಪಾಖ್ಯಾನದಲ್ಲಿ ನನ್ನನ್ನು ಬಹಳ ಕಾಡುವ ಮಾತು ಇದೇ, ಏಕೆಂದರೆ ಆಕೆ ಯಾವ ಅಳುಕೂ ಇಲ್ಲದೆ ಇಷ್ಟು ನಂಬಿಕೆಯಿಂದ ಮಾತನಾಡುವುದು ಇದೊಂದೇ ಸಲ. ಭೀಷ್ಮ ಸತ್ಯವತಿಯನ್ನೂ ಮಂತ್ರಿಗಳನ್ನೂ ಪುರೋಹಿತರನ್ನೂ ಕೇಳಿ ಆಕೆಗೆ ಅನುಮತಿ ಕೊಡುತ್ತಾನೆ. ವೃದ್ಧ ಬ್ರಾಹ್ಮಣರನ್ನೂ ದಾದಿಯನ್ನೂ ಜೊತೆಮಾಡಿ ಮರ್ಯಾದೆಯಿಂದ ಕಳುಹಿಸುತ್ತಾನೆ. ಇಲ್ಲಿಯವರೆಗೆ ಯಾರೂ ಕೆಟ್ಟವರಲ್ಲ.

ಸಾಲ್ವನ ಪಟ್ಟಣದಲ್ಲಿ ನಡೆಯುವ ಸಂಭಾಷಣೆಯನ್ನು ಲೇಖಕರು ಒಮ್ಮೆ ಓದಬೇಕೆಂದು ನನ್ನ ವಿನಂತಿ. ಮೊದಲೇ ಇನ್ನೊಬ್ಬನಿಗೆ ಸಂದವಳನ್ನು ಹೆಂಡತಿಯಾಗಿ ಬಯಸುವುದಿಲ್ಲ ಎಂದು ಸಾಲ್ವ ನಗುತ್ತಲೇ ಹೇಳುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಭೀಷ್ಮ ಗೆದ್ದು ಕೊಂಡೊಯ್ದಾಗ ನೀನು ಸಂತೋಷದಿಂದಲೇ ಹೋದೆ ಎನ್ನುತ್ತಾನೆ. ಅದಕ್ಕೆ ಅಂಬೆ, ನಾನು ಸಂತೋಷದಿಂದ ಹೋಗಲಿಲ್ಲ, ಅಳುತ್ತಿದ್ದವಳನ್ನು ಬಲವಂತವಾಗಿ ಒಯ್ದರು ಎಂದು ಉತ್ತರಿಸುತ್ತಾಳೆ. ತನ್ನ ತಲೆಯನ್ನು ಮುಟ್ಟಿ ಆಣೆ ಮಾಡುತ್ತಾಳೆ; ನಿನ್ನನ್ನಲ್ಲದೆ ಬೇರೆ ಯಾರನ್ನೂ ನೆನೆದವಳಲ್ಲ ಎನ್ನುತ್ತಾಳೆ; ಭೀಷ್ಮನಿಗೆ ನಾನು ಬೇಕಿರಲಿಲ್ಲ, ಅವನ ಪ್ರಯತ್ನವೆಲ್ಲ ತಮ್ಮನಿಗಾಗಿ, ನನ್ನ ತಂಗಿಯರನ್ನು ಆ ತಮ್ಮನಿಗೇ ಕೊಟ್ಟಿದ್ದಾಗಿದೆ ಎಂದು ಬಿಡಿಸಿ ಹೇಳುತ್ತಾಳೆ. ಸಾಲ್ವನ ಬಾಯಿಂದ ಕೊನೆಗೆ ನಿಜ ಕಾರಣ ಹೊರಬೀಳುತ್ತದೆ: ನನಗೆ ಭೀಷ್ಮನ ಭಯವಿದೆ, ನೀನು ಭೀಷ್ಮನ ಸೊತ್ತು. ಹಾವು ಹಳೆಯ ಪೊರೆಯನ್ನು ಕಳಚಿ ಬಿಸುಡುವಂತೆ ಅವನು ಆಕೆಯನ್ನು ಬಿಸುಟ ಎಂದು ವ್ಯಾಸರು ಹೇಳುತ್ತಾರೆ. ರಣರಂಗದಲ್ಲಿ ತನ್ನನ್ನು ಸೋಲಿಸಿ ಜೀವಸಹಿತ ಬಿಟ್ಟವನ ಕೈಯಿಂದ ಹಿಂದಿರುಗಿ ಬಂದ ಹೆಣ್ಣು ಈ ರಾಜನಿಗೆ ತನ್ನ ಸೋಲಿನ ಗುರುತಾಗಿ ಕಂಡಳು, ಪ್ರಿಯೆಯಾಗಿ ಕಾಣಲಿಲ್ಲ. ಹೃದಯ ಒಡೆಯುವುದು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅಂಬೆಗೆ ಒಡೆದದ್ದು ಪ್ರೇಮ ಮಾತ್ರವಲ್ಲ, ತನ್ನ ಅನುಭವಕ್ಕೆ ತಾನೇ ಸಾಕ್ಷಿ ಎಂಬ ನಂಬಿಕೆಯೂ ಅಲ್ಲಿ ಒಡೆಯಿತು. ಅತ್ತುಕೊಂಡು ಹೋದವಳಿಗೆ, ನೀನು ನಗುನಗುತ್ತಾ ಹೋದೆ ಎಂದು ಪ್ರೀತಿಸಿದವನೇ ಹೇಳಿದ ಮೇಲೆ ಇನ್ನು ಯಾರ ಮುಂದೆ ಸಾಕ್ಷಿ ನುಡಿಯಬೇಕು?

ಆ ಊರಿನಿಂದ ಹೊರಬೀಳುವಾಗ ಅಂಬೆ ತನ್ನೊಳಗೆ ಆಡಿಕೊಳ್ಳುವ ಮಾತುಗಳು ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಪಾಠದಲ್ಲಿ 173ನೆಯ ಅಧ್ಯಾಯದ ಆರಂಭದಲ್ಲಿವೆ. ಕಹಿ ಹುಟ್ಟುವ ಗಳಿಗೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕಾವ್ಯಭಾಗವನ್ನು ನಾನು ಓದಿಲ್ಲ. ಭೂಮಿಯ ಮೇಲೆ ನನಗಿಂತ ಇಕ್ಕಟ್ಟಿನಲ್ಲಿರುವ ಹೆಣ್ಣಿಲ್ಲ, ಬಂಧುಗಳಿಂದ ದೂರವಾದೆ, ಸಾಲ್ವ ತಿರಸ್ಕರಿಸಿದ, ಸಾಲ್ವನ ಹೆಸರು ಹೇಳಿ ಹಸ್ತಿನಾವತಿಯಿಂದ ಬಿಡಿಸಿಕೊಂಡು ಬಂದ ಮೇಲೆ ಮತ್ತೆ ಅಲ್ಲಿಗೂ ಹೋಗುವಂತಿಲ್ಲ ಎಂದು ಆಕೆ ಮೊದಲು ತನ್ನ ಸ್ಥಿತಿಯನ್ನು ಅಳೆಯುತ್ತಾಳೆ. ಆಮೇಲೆ ಹೊಣೆ ಯಾರದು ಎಂದು ಒಬ್ಬೊಬ್ಬರನ್ನೇ ಕಟಕಟೆಗೆ ಕರೆಯುತ್ತಾಳೆ. ನನ್ನನ್ನೇ ಹಳಿಯಲೇ, ಭೀಷ್ಮನನ್ನೇ, ಸ್ವಯಂವರವನ್ನು ಏರ್ಪಡಿಸಿದ ಮೂಢ ತಂದೆಯನ್ನೇ ಎಂದು ಕೇಳಿಕೊಂಡು, ಮೊದಲ ತಪ್ಪನ್ನು ತನ್ನ ಮೇಲೆಯೇ ಹಾಕಿಕೊಳ್ಳುತ್ತಾಳೆ: ಯುದ್ಧ ನಡೆಯುತ್ತಿದ್ದಾಗಲೇ ಸಾಲ್ವನಿಗಾಗಿ ನಾನು ಭೀಷ್ಮನ ರಥದಿಂದ ಕೆಳಕ್ಕೆ ಧುಮುಕಬೇಕಿತ್ತು, ಧುಮುಕಲಿಲ್ಲ, ಅದರ ಫಲ ಇದು. ಬಳಿಕ ತಂದೆಗೆ ಧಿಕ್ಕಾರ, ಪರಾಕ್ರಮವನ್ನೇ ಬೆಲೆಯಾಗಿಟ್ಟು ತನ್ನನ್ನು ಮಾರಾಟದ ಹೆಣ್ಣಿನಂತೆ ಒಡ್ಡಿದ್ದಕ್ಕೆ. ಭೀಷ್ಮನಿಗೆ, ಸಾಲ್ವನಿಗೆ, ವಿಧಾತನಿಗೆ ಧಿಕ್ಕಾರ, ತನಗೂ ಧಿಕ್ಕಾರ. ಇಷ್ಟು ಜನರನ್ನು ನಿಲ್ಲಿಸಿದ ಮೇಲೆಯೇ, ಈ ಅನ್ಯಾಯದ ಮೂಲ ಭೀಷ್ಮ, ಪ್ರತೀಕಾರವನ್ನು ಅವನಿಗೇ ಮಾಡಬೇಕು ಎಂಬ ತೀರ್ಮಾನಕ್ಕೆ ಬರುತ್ತಾಳೆ.

ಇದನ್ನು ಹಠ ಎಂದು ಕರೆಯುವುದು ಹೇಗೆ? ಹಠಕ್ಕೆ ವಿಚಾರಣೆ ಬೇಕಿಲ್ಲ. ಆದರೆ ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. ಐದು ಜನರಲ್ಲಿ ಹಂಚಿಹೋಗಿದ್ದ ಹೊಣೆ ಒಂದು ಗಳಿಗೆಯಲ್ಲಿ ಒಬ್ಬನ ಹೆಸರಿಗೆ ಬಂದು ನಿಂತುಬಿಡುತ್ತದೆ. ತಂದೆ ಎಲ್ಲೋ ದೂರ ಇದ್ದಾನೆ, ಸಾಲ್ವನ ಬಾಗಿಲು ಮುಚ್ಚಿದೆ, ವಿಧಾತ ಕೈಗೆ ಸಿಗುವವನಲ್ಲ, ತನ್ನನ್ನು ತಾನು ದಿನವೂ ಶಿಕ್ಷಿಸುತ್ತಾ ಬದುಕುವುದು ಅಸಾಧ್ಯ. ಸೋಲಿಸಲಾಗದವನು, ಎತ್ತರದಲ್ಲಿರುವವನು, ಎಲ್ಲರ ಕಣ್ಣಿಗೂ ಕಾಣುವವನು ಭೀಷ್ಮನೊಬ್ಬನೇ. ಮನುಷ್ಯನ ಮನಸ್ಸು ತಡೆಯಲಾರದ ದುಃಖಕ್ಕೆ ಒಂದು ಮುಖವನ್ನು ಹುಡುಕುತ್ತದೆ. ಅಂಬೆಯ ದುಃಖಕ್ಕೆ ಸಿಕ್ಕ ಮುಖ ಭೀಷ್ಮನದು. ಆ ಆಯ್ಕೆ ಪೂರ್ತಿ ನ್ಯಾಯವಲ್ಲ, ಪೂರ್ತಿ ಅನ್ಯಾಯವೂ ಅಲ್ಲ. ಕವಿ ಅದನ್ನು ಹಾಗೆಯೇ ಬಿಟ್ಟಿದ್ದಾನೆ, ನಾವೂ ಹಾಗೆಯೇ ಓದಬೇಕು.

ಅಲ್ಲಿಂದ ಆಕೆ ನೇರವಾಗಿ ಹಗೆ ತೀರಿಸಲು ಹೊರಡಲೂ ಇಲ್ಲ. ತಪಸ್ವಿಗಳ ಆಶ್ರಮಕ್ಕೆ ಹೋಗಿ, ತನಗೂ ವೈರಾಗ್ಯದ ದಾರಿ ತೋರಿಸಿ ಎಂದು ಬೇಡುತ್ತಾಳೆ. ಅವರು ಕರುಣೆಯುಳ್ಳವರು. ಆಕೆಯ ಮುಂದೆಯೇ ಕುಳಿತು ಏನು ಮಾಡಬಹುದೆಂದು ಚರ್ಚಿಸುತ್ತಾರೆ. ಒಬ್ಬರು ತಂದೆಯ ಮನೆಗೆ ಕಳುಹಿಸೋಣ ಎನ್ನುತ್ತಾರೆ, ಇನ್ನೊಬ್ಬರು ಭೀಷ್ಮನನ್ನು ದೂರುತ್ತಾರೆ, ಮತ್ತೊಬ್ಬರು ಸಾಲ್ವನಿಗೇ ಹೇಳಿ ಒಪ್ಪಿಸಬೇಕು ಎನ್ನುತ್ತಾರೆ. ಹೆಣ್ಣಿಗೆ ಗತಿ ಗಂಡ, ಇಲ್ಲವೇ ತಂದೆ, ಒಂಟಿಯಾಗಿ ಕಾಡಿನಲ್ಲಿದ್ದರೆ ರಾಜರ ಕಣ್ಣು ಬೀಳುತ್ತದೆ, ಆದ್ದರಿಂದ ತವರಿಗೆ ಹೋಗು ಎಂಬುದು ಕೊನೆಗೆ ಅವರ ಬುದ್ಧಿವಾದ. ಅಂಬೆ ಕೊಡುವ ಉತ್ತರ ಇಷ್ಟೇ: ಕಾಶಿಗೆ ಮರಳಲಾರೆ, ಬಂಧುಗಳ ತಾತ್ಸಾರಕ್ಕೆ ಗುರಿಯಾಗುತ್ತೇನೆ, ಬಾಲ್ಯದಲ್ಲಿ ತಂದೆಯ ಮನೆಯಲ್ಲಿದ್ದ ರೀತಿಯೇ ಬೇರೆ. ಈ ಕೊನೆಯ ಮಾತಿನ ಮುಂದೆ ನಮ್ಮ ಜನಪದದ ತವರಿನ ಹಾಡುಗಳೆಲ್ಲ ನೆನಪಾಗುತ್ತವೆ. ತವರಿನ ಬಾಗಿಲು ತೆರೆದೇ ಇದ್ದರೂ ಒಳಗೆ ಕಾಲಿಡಲಾಗದ ಮಗಳ ಸ್ಥಿತಿಯನ್ನು ಆಕೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾಳೆ. ಅಲ್ಲಿಗೆ ಬಂದ ರಾಜರ್ಷಿ ಹೋತ್ರವಾಹನ ಆಕೆಯ ತಾಯಿಯ ತಂದೆ. ಮೊಮ್ಮಗಳ ಕಥೆ ಕೇಳಿ ಆಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನಪಡಿಸುವ ಒಬ್ಬನೇ ಮನುಷ್ಯ ಅವನು. ಆದರೆ ಅವನೂ ಮಾಡುವುದು ಆಕೆಯನ್ನು ಇನ್ನೊಬ್ಬರ ಬಳಿಗೆ, ಪರಶುರಾಮನ ಬಳಿಗೆ, ಕಳುಹಿಸುವ ಕೆಲಸವನ್ನೇ.

ಇಲ್ಲಿ ನಮ್ಮ ರಂಗಪರಂಪರೆಯ ಬಗ್ಗೆ ಒಂದು ಮಾತು ಹೇಳಬೇಕು. ಯಕ್ಷಗಾನದಲ್ಲಿಯೂ ತಾಳಮದ್ದಳೆಯಲ್ಲಿಯೂ ಜನಪ್ರಿಯವಾಗಿರುವ ಭೀಷ್ಮವಿಜಯ ಪ್ರಸಂಗ ಅಂಬೆಯನ್ನು ಕರಾವಳಿ ಮಲೆನಾಡುಗಳ ಮನೆಮಾತಾಗಿಸಿದೆ. ಸಾಲ್ವ ಕೈಬಿಟ್ಟ ಮೇಲೆ ಅಂಬೆ ಮತ್ತೆ ಭೀಷ್ಮನ ಬಳಿಗೆ ಬಂದು, ಕರೆತಂದವನು ನೀನು, ನೀನೇ ಕೈಹಿಡಿ ಎಂದು ಕೇಳುವ ಸನ್ನಿವೇಶ ಅಲ್ಲಿನ ಜೀವಾಳ. ಒಳ್ಳೆಯ ಸ್ತ್ರೀವೇಷಧಾರಿ ಮತ್ತು ಸಮರ್ಥ ಭೀಷ್ಮ ಎದುರುಬದುರಾದಾಗ ಆ ವಾದಕ್ಕೆ ಬರುವ ಕಳೆಯನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರತಿಜ್ಞೆಗೂ ಅದರ ಬಲಿಗೂ ನಡುವಿನ ಸಂಘರ್ಷವನ್ನು ಅಷ್ಟು ಸೊಗಸಾಗಿ ಎತ್ತಿಹಿಡಿಯುವ ಕಲೆ ನಮ್ಮದೆಂಬ ಹೆಮ್ಮೆಯೂ ಇದೆ. ಆದರೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅಂಬೆ ಹಾಗೆ ಹಿಂದಿರುಗಿ ಬಂದು ಭೀಷ್ಮನನ್ನು ಬೇಡುವುದಿಲ್ಲ. ಸಾಲ್ವನ ಊರಿನಿಂದ ಆಕೆ ನೇರ ಆಶ್ರಮಕ್ಕೆ ಹೋಗುತ್ತಾಳೆ. ಈ ವ್ಯತ್ಯಾಸವನ್ನು ಮರೆತರೆ ಅಂಬೆಯ ಕಹಿ, ಇಬ್ಬರು ಗಂಡಸರು ಬೇಡವೆಂದ ಹೆಣ್ಣಿನ ಮುಖಭಂಗವಾಗಿ ಮಾತ್ರ ಕಾಣುತ್ತದೆ. ಮೂಲದಲ್ಲಿ ಆಕೆ ಭೀಷ್ಮನ ಒಲವನ್ನು ಬಯಸಿದವಳಲ್ಲ, ಅವನಿಂದ ಲೆಕ್ಕ ಕೇಳಿದವಳು.

ಅಂಬೆಯ ಪರವಾಗಿ ಪರಶುರಾಮ ಭೀಷ್ಮನೊಡನೆ ಹೂಡಿದ ಯುದ್ಧ ಕುರುಕ್ಷೇತ್ರದಲ್ಲಿ 23 ದಿನ ನಡೆಯಿತೆಂದು ಕಥೆ. ಅದರ ಅಸ್ತ್ರಗಳ ವರ್ಣನೆ ಎಷ್ಟೇ ದೀರ್ಘವಾಗಿದ್ದರೂ ಅಂಬೆಯ ಮಟ್ಟಿಗೆ ಮುಖ್ಯವಾದದ್ದು ಅದರ ಕೊನೆ. ನನ್ನ ಶಕ್ತಿಯಿದ್ದಷ್ಟು ಹೋರಾಡಿದೆ, ಇನ್ನು ಭೀಷ್ಮನಿಗೇ ಶರಣು ಹೋಗು, ನಿನಗೆ ಬೇರೆ ಗತಿಯಿಲ್ಲ ಎಂದು ಪರಶುರಾಮನೇ ಆಕೆಗೆ ಹೇಳುತ್ತಾನೆ. ಇಪ್ಪತ್ತೊಂದು ಬಾರಿ ಕ್ಷತ್ರಿಯರನ್ನು ನಿರ್ಮೂಲ ಮಾಡಿದನೆಂದು ಖ್ಯಾತನಾದವನು ಕೈಚೆಲ್ಲಿದ ಮೇಲೆ ಅಂಬೆ ಅವನನ್ನು ಹಳಿಯುವುದಿಲ್ಲ. ನೀವು ಮಾಡಬಹುದಾದದ್ದನ್ನು ಮಾಡಿದಿರಿ ಎಂದು ಗೌರವದಿಂದಲೇ ಒಪ್ಪುತ್ತಾಳೆ. ಆದರೆ ಯಾವ ಕಾರಣಕ್ಕೂ ಮತ್ತೆ ಭೀಷ್ಮನ ಬಳಿಗೆ ಹೋಗುವುದಿಲ್ಲ, ನಾನೇ ಅವನನ್ನು ಕೆಡಹುವಂತಹ ಕಡೆಗೆ ಹೋಗುತ್ತೇನೆ ಎಂದು ಹೊರಟುಬಿಡುತ್ತಾಳೆ. ಪ್ರಿಯ, ತವರು, ತಪಸ್ವಿಗಳು, ಅಜ್ಜ, ಮಹಾವೀರ ಹೀಗೆ ಪ್ರತಿಯೊಬ್ಬರೂ ಆಕೆಯನ್ನು ಮತ್ತೊಬ್ಬರ ಕಡೆಗೆ ಸಾಗಹಾಕಿದ ಮೇಲೆ ಉಳಿದದ್ದು ತಾನೊಬ್ಬಳೇ.

ಇಲ್ಲಿಂದ ಮುಂದೆ ಕಹಿ ಆಕೆಯನ್ನು ತಿನ್ನತೊಡಗುತ್ತದೆ, ಕವಿ ಅದನ್ನು ಮುಚ್ಚಿಡುವುದಿಲ್ಲ. ಆರು ತಿಂಗಳು ಗಾಳಿಯನ್ನೇ ಉಂಡು ಕಂಬದಂತೆ ನಿಂತಳು; ಒಂದು ವರ್ಷ ಯಮುನೆಯ ನೀರಿನಲ್ಲಿ ನಿರಾಹಾರಳಾಗಿದ್ದಳು; ಮತ್ತೊಂದು ವರ್ಷ ಉದುರಿದ ಒಂದೇ ಎಲೆಯನ್ನು ತಿಂದು ಹೆಬ್ಬೆರಳ ತುದಿಯಲ್ಲಿ ನಿಂತಳು. ಹೀಗೆ 12 ವರ್ಷ. ಬಂಧುಗಳು ತಡೆದರೂ ಕೇಳಲಿಲ್ಲ. ಭೀಷ್ಮನ ತಾಯಿಯಾದ ಗಂಗೆ ಎದುರಾಗಿ, ನೀನು ನಡೆಯುತ್ತಿರುವ ದಾರಿ ವಕ್ರವಾದದ್ದು, ಇದನ್ನೇ ಮುಂದುವರಿಸಿದರೆ ಮಳೆಗಾಲದಲ್ಲಿ ಮಾತ್ರ ನೀರಿರುವ ಅಂಕುಡೊಂಕಿನ ಹೊಳೆಯಾಗುತ್ತೀಯೆ ಎಂದಳು. ಆಕೆಯ ತಪಸ್ಸಿನ ಫಲವಾಗಿ ಅರ್ಧ ದೇಹ ಮಾತ್ರ ವತ್ಸದೇಶದಲ್ಲಿ ಅಂಬೆ ಎಂಬ ಹೆಸರಿನ ಹೊಳೆಯಾಯಿತು, ಉಳಿದರ್ಧ ಮತ್ತೆ ಕನ್ಯೆಯಾಗಿಯೇ ಉಳಿಯಿತು ಎನ್ನುತ್ತದೆ ಕಥೆ. ಮೊಸಳೆಗಳಿಂದ ತುಂಬಿದ, ಇಳಿಯಲು ಘಾಟಿಲ್ಲದ, ಬೇಸಿಗೆಯಲ್ಲಿ ಬತ್ತುವ ಹೊಳೆ. ಯಾರ ದಾಹವನ್ನೂ ತಣಿಸದ ನೀರಾಗಿ ಆಕೆಯ ಅರ್ಧಭಾಗ ಹರಿಯಿತೆಂಬ ಈ ಕಲ್ಪನೆಯ ಮುಂದೆ, ಕಹಿಯ ಬಗ್ಗೆ ನಾವು ಬರೆಯುವ ಯಾವ ವ್ಯಾಖ್ಯಾನವೂ ಪೇಲವವೆನಿಸುತ್ತದೆ. ಕೊನೆಗೆ ಶಿವನಿಂದ ವರ ಪಡೆದು, ಯಮುನೆಯ ದಡದಲ್ಲಿ ತಾನೇ ಚಿತೆ ಒಟ್ಟಿ, ಭೀಷ್ಮನ ವಧೆಗಾಗಿ ಎಂದು ನುಡಿದು ಬೆಂಕಿಯನ್ನು ಹೊಕ್ಕಳು.

ಇಷ್ಟನ್ನೂ ನಮಗೆ ಹೇಳುತ್ತಿರುವವನು ಯಾರು ಎಂಬುದನ್ನು ಲೇಖಕರು ಗಮನಿಸಿಲ್ಲ. ಹೇಳುತ್ತಿರುವವನು ಸ್ವತಃ ಭೀಷ್ಮ. ಅಂಬೆಯೇ ಮರುಜನ್ಮದಲ್ಲಿ ಹುಟ್ಟಿಬಂದ ಶಿಖಂಡಿಯ ಮೇಲೆ ಏಕೆ ಬಾಣ ಬಿಡುವುದಿಲ್ಲ ಎಂದು ದುರ್ಯೋಧನ ಕೇಳಿದ್ದಕ್ಕೆ ಉತ್ತರವಾಗಿ, ಯುದ್ಧದ ಹೊಸ್ತಿಲಲ್ಲಿ ಆ ಮುದುಕ ಈ ಕಥೆಯನ್ನು ಬಿಚ್ಚುತ್ತಾನೆ. ಆಕೆ ಸಾಲ್ವನ ಊರ ಹೊರಗೆ ಆಡಿಕೊಂಡ ಮಾತು, ತನ್ನನ್ನು ಶಪಿಸಿದ ಮಾತು, ಎಲ್ಲವನ್ನೂ ಅವನು ತನ್ನ ಬಾಯಿಂದಲೇ ಹೇಳುತ್ತಾನೆ. ಅವನಿಗೆ ಅದೆಲ್ಲ ಹೇಗೆ ಗೊತ್ತು? ಆಕೆಯ ನಡೆನುಡಿಗಳನ್ನು ತಿಳಿದು ಬರಲು ಜಾಣರಾದ ಜನರನ್ನು ನೇಮಿಸಿದ್ದೆ, ಆಕೆ ಎಲ್ಲಿ ಹೋದಳು, ಏನು ಆಡಿದಳು, ಏನು ಮಾಡಿದಳು ಎಂಬುದನ್ನು ಅವರು ದಿನದಿನವೂ ಬಂದು ಹೇಳುತ್ತಿದ್ದರು ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆಕೆ ತಪಸ್ಸಿಗೆಂದು ಕಾಡಿಗೆ ಹೋದ ದಿನದಿಂದಲೇ ನಾನು ವ್ಯಥೆಗೊಂಡೆ, ದೀನನಾದೆ, ಚೇತನ ಕಳೆದುಕೊಂಡವನಂತಾದೆ ಎಂದೂ ಹೇಳುತ್ತಾನೆ. ಪರಶುರಾಮನಿಗೆ ಬಗ್ಗದ ಭೀಷ್ಮ ಒಂಟಿ ಹೆಣ್ಣಿನ ಉಪವಾಸಕ್ಕೆ ಒಳಗೊಳಗೇ ಕುಸಿದಿದ್ದ. ತಾನು ಮಾಡಿದ್ದು ಶಾಸ್ತ್ರಕ್ಕೆ ತಪ್ಪಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಅದರಿಂದ ಒಂದು ಬದುಕು ಹಾಳಾಯಿತೆಂಬುದೂ ಗೊತ್ತಿತ್ತು. ಅಂಬೆಯ ನೋವನ್ನು ಅವಳ ವೈರಿಯೇ ಒಂದೂ ಬಿಡದೆ ನೆನಪಿಟ್ಟುಕೊಂಡಿದ್ದಾನೆ; ಆಕೆಯನ್ನು ಹಠಮಾರಿ ಎಂದು ತಳ್ಳಿಹಾಕುವ ನಾವು ಭೀಷ್ಮ ಕೊಟ್ಟಷ್ಟು ಗೌರವವನ್ನೂ ಆಕೆಗೆ ಕೊಡುತ್ತಿಲ್ಲ.

ಈಚಿನ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಓದೂ ಬೆಳೆದಿದೆ. ಅಂಬೆಯನ್ನು ಪ್ರತಿಭಟನೆಯ ಪತಾಕೆಯಾಗಿ ಎತ್ತಿಹಿಡಿದು, ಆಕೆಯ ಸೇಡನ್ನು ಗೆಲುವೆಂದು ಕೊಂಡಾಡುವ ಓದು ಅದು. ಅದರ ಹಿಂದಿನ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಅದೂ ಅರ್ಧ ಸತ್ಯವೇ. ದ್ರುಪದನ ಮಗಳಾಗಿ ಹುಟ್ಟಿ ಮಗನೆಂದು ಬೆಳೆದ ಶಿಖಂಡಿಗೆ ದಶಾರ್ಣದ ಅರಸ ಹಿರಣ್ಯವರ್ಮನ ಮಗಳನ್ನು ತಂದು ಮದುವೆ ಮಾಡುತ್ತಾರೆ. ಏನೂ ತಿಳಿಯದೆ ಬಂದ ಆ ಹುಡುಗಿ ಸತ್ಯ ಗೊತ್ತಾದಾಗ ನಾಚಿಕೆಯಿಂದ ದಾದಿಯರಿಗೂ ಸಖಿಯರಿಗೂ ಹೇಳುತ್ತಾಳೆ, ಸುದ್ದಿ ತಂದೆಗೆ ಮುಟ್ಟುತ್ತದೆ, ಯುದ್ಧದ ಬೆದರಿಕೆ ಬರುತ್ತದೆ. ಯಕ್ಷ ಸ್ಥೂಣಾಕರ್ಣ ತನ್ನ ಗಂಡುತನವನ್ನು ಶಿಖಂಡಿಗೆ ಕೊಟ್ಟು ಬಿಕ್ಕಟ್ಟು ಬಗೆಹರಿಯುತ್ತದೇನೋ ನಿಜ, ಆದರೆ ಹಿರಿಯರ ಲೆಕ್ಕಾಚಾರಕ್ಕೆ ಸಿಕ್ಕಿ ಮೋಸಹೋದ ಇನ್ನೊಬ್ಬ ವಧು ಅಂಬೆಯ ಮರುಜನ್ಮದ ಕಥೆಯಲ್ಲಿಯೇ ಇದ್ದಾಳೆ. ಕಹಿ ತಾನು ಉಂಡ ನೋವನ್ನೇ ಮತ್ತೊಬ್ಬರಿಗೆ ಬಡಿಸಿತು, ಅದೂ ತನಗೆ ಅರಿವಿಲ್ಲದಂತೆ.

ಇನ್ನು ಗೆಲುವಿನ ಮಾತು. ಯುದ್ಧದ ಹತ್ತನೆಯ ದಿನ ಶಿಖಂಡಿ ಮುಂದೆ ನಿಂತ, ಅರ್ಜುನ ಹಿಂದಿನಿಂದ ಬಾಣ ಬಿಟ್ಟ, ಭೀಷ್ಮ ಬಿದ್ದ. ಬೀಳುವ ಮುಂಚೆ ಮೈಗೆ ನೆಟ್ಟ ಬಾಣಗಳನ್ನು ನೋಡಿ ಭೀಷ್ಮ ದುಃಶಾಸನನಿಗೆ, ಇವು ಅರ್ಜುನನ ಬಾಣಗಳು, ಶಿಖಂಡಿಯ ಬಾಣಗಳಲ್ಲ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಎರಡು ಜನ್ಮ ಸವೆಸಿ ಹತ್ತಿರ ಬಂದವಳ ಪೆಟ್ಟನ್ನು ಅವನು ಪೆಟ್ಟೆಂದು ಒಪ್ಪಲೂ ಇಲ್ಲ. ಅದಕ್ಕೂ ಮುಂಚೆ ಶಿಖಂಡಿಯ ಮುಖಕ್ಕೇ, ವಿಧಾತ ನಿನ್ನನ್ನು ಹೇಗೆ ಮಾಡಿದನೋ ಆ ಶಿಖಂಡಿನಿಯೇ ನೀನು ಎಂದು ಹೇಳಿಬಿಟ್ಟಿದ್ದ. ಶಿಖಂಡಿಯ ಕೊನೆಯೂ ವೀರನಿಗೆ ಒಪ್ಪುವಂಥದಲ್ಲ. ಯುದ್ಧ ಮುಗಿದ ರಾತ್ರಿ ಪಾಂಡವರ ಬೀಡಿಗೆ ನುಗ್ಗಿದ ಅಶ್ವತ್ಥಾಮನ ಕತ್ತಿಗೆ ಉಳಿದವರೊಂದಿಗೆ ಬಲಿಯಾದದ್ದು. ಇದನ್ನು ಗೆಲುವೆಂದು ಆಚರಿಸುವುದು ಅಂಬೆಗೆ ಇನ್ನೊಮ್ಮೆ ಅನ್ಯಾಯ ಮಾಡಿದಂತೆ. ಆಕೆ ಕೇಳಿದ್ದು ನ್ಯಾಯ. ಸಿಕ್ಕಿದ್ದು ಒಬ್ಬ ಮನುಷ್ಯನ ಸಾವು ಮಾತ್ರ.

ಆಕೆಯ ತಂಗಿಯರು ಸುಖವಾಗಿದ್ದರೇ ಎಂದು ಕೆಲವರು ಕೇಳುವುದುಂಟು, ಸುಮ್ಮನೆ ಹೊಂದಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂಬ ಧ್ವನಿಯಲ್ಲಿ. ವಿಚಿತ್ರವೀರ್ಯ ಏಳು ವರ್ಷಗಳಲ್ಲಿ ಕ್ಷಯದಿಂದ ತೀರಿಕೊಂಡ. ಅಂಬಿಕೆ ಅಂಬಾಲಿಕೆಯರು ವಂಶದ ಅಗತ್ಯಕ್ಕಾಗಿ ವ್ಯಾಸರ ಮುಂದೆ ನಿಲ್ಲಬೇಕಾಯಿತು. ಒಬ್ಬಳು ಕಣ್ಣು ಮುಚ್ಚಿಕೊಂಡಳು, ಇನ್ನೊಬ್ಬಳು ಬಿಳಿಚಿಕೊಂಡಳು. ಹೊಂದಿಕೊಂಡವರಿಗೂ ಆ ಮನೆಯಲ್ಲಿ ಸಿಕ್ಕಿದ್ದು ಅಷ್ಟೇ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಪುರವಣಿಯ ಮುಂದಿನ ಸಂಚಿಕೆಗಳಲ್ಲೊಂದರಲ್ಲಿ, ಸಂಸ್ಕೃತ ಕನ್ನಡ ಎರಡನ್ನೂ ಚೆನ್ನಾಗಿ ಬಲ್ಲವರಿಂದ, ಸಾಲ್ವನೊಡನೆ ನಡೆದ ಸಂಭಾಷಣೆಯನ್ನೂ ಊರ ಹೊರಗಿನ ಆ ಸ್ವಗತವನ್ನೂ ಸರಳ ಗದ್ಯಕ್ಕೆ ತರಿಸಿ ಪೂರ್ತಿಯಾಗಿ ಪ್ರಕಟಿಸಬೇಕು. ಹಾಗೆಯೇ, ಭೀಷ್ಮವಿಜಯ ಕೂಟಗಳನ್ನು ನಡೆಸುವ ಸಂಘಟಕರು ಮತ್ತು ಅರ್ಥಧಾರಿಗಳು ಈ ಪತ್ರವನ್ನು ಓದಿದರೆ, ಪರಶುರಾಮನ ಪ್ರವೇಶಕ್ಕೆ ಅವಸರಪಡದೆ ಅಂಬೆಯ ಆಶ್ರಮದ ಮಾತುಗಳಿಗೆ ಒಂದು ಕಾಲುಗಂಟೆಯನ್ನಾದರೂ ಬಿಟ್ಟುಕೊಡಬೇಕೆಂದು ಬೇಡುತ್ತೇನೆ. ತವರಿಗೆ ಏಕೆ ಹೋಗಲಾರೆ ಎಂದು ಆಕೆ ಹೇಳುವುದನ್ನು ನಮ್ಮ ಪ್ರೇಕ್ಷಕರು ಆಕೆಯ ಬಾಯಿಂದಲೇ ಕೇಳಬೇಕಾಗಿದೆ.

ಇತಿ,
ತಮ್ಮ ಪತ್ರಿಕೆಯ ಓದುಗ